ಮನೆಯ ಲೇಥ್, ಡ್ರಿಲ್, ಮಿಲ್ಲಿಂಗ್ ಯಂತ್ರಗಳಿಗೆ ಕೂಲಂಟ್ ಮತ್ತು ಕಟಿಂಗ್ ಆಯಿಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲೋ ಅಂಗಡಿಯ ಮೂಲೆಯಲ್ಲೋ ಸಣ್ಣ ಲೇಥ್, ಪಿಲ್ಲರ್ ಡ್ರಿಲ್, ಪುಟ್ಟ ಮಿಲ್ಲಿಂಗ್ ಯಂತ್ರ ಇಟ್ಟುಕೊಂಡವರಿಗಾಗಿ ಈ ಪುಟ. ಕಾರ್ಖಾನೆಗಳಿಗೆಂದು ಬರೆದ ಸಲಹೆಯನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಕೆಲಸ ಕೆಡುತ್ತದೆ. ಕಾರ್ಖಾನೆಯ ಯಂತ್ರ ದಿನವೂ ಓಡುತ್ತದೆ; ಮನೆಯದು ಭಾನುವಾರ ಎರಡು ತಾಸು ಓಡಿ ವಾರವಿಡೀ ನಿಂತಿರುತ್ತದೆ. ಅಲ್ಲಿ ನೀರನ್ನು ಹದಮಾಡಿ ಬಳಸುತ್ತಾರೆ. ಇಲ್ಲಿ ಬಹುಪಾಲು ಮನೆಗಳಲ್ಲಿ ಕೈಗೆ ಸಿಗುವುದು ಬೋರಿನ ಸವಳು ನೀರು. ಆದ್ದರಿಂದ ಯಾವ ಲೋಹ ಎಂದು ಯೋಚಿಸುವ ಮೊದಲು, ಯಂತ್ರ ಎಷ್ಟು ದಿನ ಸುಮ್ಮನೆ ನಿಲ್ಲುತ್ತದೆ, ನೀರು ಎಂಥದು ಎಂಬುದನ್ನು ನೋಡಿಕೊಳ್ಳಿ.

ಮನೆಯ ಕೆಲಸಕ್ಕೆ ಕೂಲಂಟ್ ಬೇಕೇ ಬೇಕೆ?

ಲೋಹ ಕತ್ತರಿಸುವಾಗ ಟೂಲನ್ನು ತಂಪಾಗಿಡಲು ಹಾಕುವ ದ್ರವವೇ ಕೂಲಂಟ್. ಬಹಳಷ್ಟು ಕೆಲಸಕ್ಕೆ ಅದು ಬೇಡ. ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ರಾಡಿನ ಮೇಲೆ ಅರ್ಧ ಮಿಲಿಮೀಟರ್ ಕಟ್ ಹಾಕಿ ಸರಿಯಾದ ವೇಗದಲ್ಲಿ ಕಡೆಯುತ್ತಿದ್ದರೆ ಒಣದಾಗಿಯೇ ಮುಗಿಸಬಹುದು. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲಿಗೆ ಎಂಎಸ್ ಮೇಲೆ ನಿಮಿಷಕ್ಕೆ 25 ಮೀಟರ್ ವೇಗ ಹಿಡಿಯಿರಿ. ಆ ವೇಗವನ್ನು 318ರಿಂದ ಗುಣಿಸಿ ವ್ಯಾಸದ ಮಿಲಿಮೀಟರಿನಿಂದ ಭಾಗಿಸಿದರೆ ಆರ್‌ಪಿಎಂ ಸಿಗುತ್ತದೆ. 25 ಮಿ.ಮೀ. ರಾಡಿಗೆ ಸುಮಾರು 320, 10 ಮಿ.ಮೀ. ಡ್ರಿಲ್ಲಿಗೆ ಸುಮಾರು 800. "ಟೂಲು ಸುಡುತ್ತದೆ, ಯಾವ ಕೂಲಂಟ್ ಹಾಕಲಿ?" ಎನ್ನುವವರು ಮೊದಲು ಈ ಲೆಕ್ಕ ಮಾಡಿ ನೋಡಬೇಕು. ವೇಗ ಎರಡರಷ್ಟಿದ್ದರೆ ಯಾವ ಎಣ್ಣೆಯೂ ಟೂಲನ್ನು ಉಳಿಸದು. ಎಚ್‌ಎಸ್‌ಎಸ್ ಟೂಲಿನಿಂದ ಬರುವ ಚಿಪ್ಸ್ (ಲೋಹದ ಚೂರು) ನೀಲಿಗಟ್ಟಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ. ಹೆಚ್ಚು ಬಿಸಿ ತಾಳುವ ಕಾರ್ಬೈಡ್ ಟೂಲಿಗೆ ಆ ನೀಲಿ ತಪ್ಪಲ್ಲ.

ಎಣ್ಣೆ ನಿಜವಾಗಿ ಬೇಕಾಗುವುದು ಥ್ರೆಡ್ ಹಾಕುವಾಗ, ಪಾರ್ಟಿಂಗ್ (ರಾಡಿನಿಂದ ತುಂಡನ್ನು ಕಡಿದು ಬೇರೆ ಮಾಡುವುದು) ಮಾಡುವಾಗ, ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಹಾಕುವ ಟೂಲು) ಮತ್ತು ರೀಮರ್ (ರಂಧ್ರವನ್ನು ನಯ ಮಾಡಿ ಅಳತೆಗೆ ತರುವ ಟೂಲು) ಬಳಸುವಾಗ, ಆಳದ ರಂಧ್ರ ಕೊರೆಯುವಾಗ, ಸ್ಟೇನ್‌ಲೆಸ್ ಕಡೆಯುವಾಗ. ಇವೆಲ್ಲ ನಿಧಾನದ ಕೆಲಸಗಳು. ಇಲ್ಲಿ ತಂಪು ಮಾಡುವುದಕ್ಕಿಂತ ಜಾರಿಸುವುದು ಮುಖ್ಯ. ವೇಗದ, ದೀರ್ಘ ಹೊತ್ತಿನ ಕಟಿಂಗಿನಲ್ಲಿ ಮಾತ್ರ ತಂಪು ಮೊದಲು ಬರುತ್ತದೆ, ಅಲ್ಲಿ ನೀರು ಬೆರೆತ ಕೂಲಂಟಿಗೆ ಕೆಲಸ.

ಕಟಿಂಗ್ ಆಯಿಲ್, ಸಾಲ್ಯುಬಲ್ ಆಯಿಲ್, ಸಿಂಥೆಟಿಕ್ ಎಂದರೆ ಏನು ವ್ಯತ್ಯಾಸ?

ನೀಟ್ ಕಟಿಂಗ್ ಆಯಿಲಿಗೆ ನೀರು ಬೆರೆಸುವುದಿಲ್ಲ, ಡಬ್ಬಿಯಿಂದ ನೇರವಾಗಿ ಹಚ್ಚುವುದು. ಗಂಧಕ ಅಥವಾ ಕೊಬ್ಬಿನ ಅಂಶ ಸೇರಿಸಿದ್ದರೆ ಟೂಲಿನ ತುದಿಯ ಭಾರಿ ಒತ್ತಡದಲ್ಲೂ ಪದರ ಕಿತ್ತುಹೋಗದೆ ನಿಲ್ಲುತ್ತದೆ. ಸಾಲ್ಯುಬಲ್ ಆಯಿಲ್ ಎಂಬ ಹೆಸರಿದ್ದರೂ ಅದು ನೀರಿನಲ್ಲಿ ಕರಗುವುದಿಲ್ಲ. ಸಾಬೂನಿನಂಥ ಪದಾರ್ಥದ ನೆರವಿನಿಂದ ಸಣ್ಣ ಹನಿಗಳಾಗಿ ತೇಲುತ್ತದೆ, ಅದಕ್ಕೇ ಮಿಶ್ರಣ ಹಾಲಿನಂತೆ ಬೆಳ್ಳಗೆ. ಸಿಂಥೆಟಿಕ್‌ನಲ್ಲಿ ಎಣ್ಣೆಯೇ ಇಲ್ಲ, ನೋಡಲು ತಿಳಿನೀರು; ಗ್ರೈಂಡಿಂಗಿಗೆ ಚೆನ್ನ, ಆದರೆ ಲೇಥಿನ ಬೆಡ್ಡಿನ ಎಣ್ಣೆಯನ್ನು ತೊಳೆದು ಒಣಗಿಸಿಬಿಡುತ್ತದೆ. ಸೆಮಿ-ಸಿಂಥೆಟಿಕ್ ಇವೆರಡರ ನಡುವಿನದು.

ಅಂಗಡಿಯಲ್ಲಿ ಕೂಲಂಟ್ ಕೇಳಿದರೆ ಹಸಿರು ಬಣ್ಣದ ಡಬ್ಬಿ ಕೊಟ್ಟರು. ಹಾಕಬಹುದೆ?

ಬೇಡ. ಅದು ವಾಹನದ ರೇಡಿಯೇಟರಿಗೆ ಹಾಕುವ ಕೂಲಂಟ್. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾದ್ದರಿಂದ ಮಕ್ಕಳಿಗೂ ನಾಯಿ ಬೆಕ್ಕುಗಳಿಗೂ ಅಪಾಯ. ಟೂಲಿಗೆ ಬೇಕಾದ ಜಾರುವ ಗುಣವೂ ಅದಕ್ಕಿಲ್ಲ. ಅಂಗಡಿಯಲ್ಲಿ "ಲೇಥಿಗೆ ಹಾಕುವ ಸಾಲ್ಯುಬಲ್ ಕಟಿಂಗ್ ಆಯಿಲ್" ಎಂದು ಪೂರ್ತಿಯಾಗಿ ಹೇಳಿ ಕೇಳಿ.

ಹೊಸಬರು ಮೊದಲು ಏನು ಕೊಳ್ಳಬೇಕು?

ಒಂದು ಲೀಟರ್ ಗಂಧಕಯುಕ್ತ ನೀಟ್ ಕಟಿಂಗ್ ಆಯಿಲ್, ಅರ್ಧ ಲೀಟರ್ ಸೀಮೆಎಣ್ಣೆ ಅಥವಾ ಒಂದು ಡಬ್ಬಿ ಡಬ್ಲ್ಯುಡಿ-40, ಅರ್ಧ ಇಂಚಿನ ಎರಡು ಬ್ರಷ್, ಅಗಲ ತಳದ ಒಂದು ಸಣ್ಣ ಬಟ್ಟಲು. ವಾರಕ್ಕೆ ನಾಲ್ಕೈದು ತಾಸು ಕೆಲಸ ಮಾಡುವವರಿಗೆ ಇಷ್ಟು ವರ್ಷವಿಡೀ ಸಾಕಾಗುತ್ತದೆ. ನೀಟ್ ಆಯಿಲ್ ಕೊಳೆಯುವುದಿಲ್ಲ, ಯಂತ್ರಕ್ಕೆ ತುಕ್ಕು ತರುವುದಿಲ್ಲ, ನೀರಿನ ಚಿಂತೆ ಇಲ್ಲ. ತೊಟ್ಟಿ, ಪಂಪು, ಪೈಪುಗಳ ಫ್ಲಡ್ ವ್ಯವಸ್ಥೆ ಬೇಕಾಗುವುದು ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಸತತವಾಗಿ ಕಡೆಯುವವರಿಗೆ, ಪವರ್ ಹ್ಯಾಕ್ಸಾ ಅಥವಾ ಸರ್ಫೇಸ್ ಗ್ರೈಂಡರ್ ಇದ್ದವರಿಗೆ. ಮಿನಿ ಲೇಥ್ ಇದ್ದವರು ಇನ್ನೂ ಹುಷಾರಾಗಿರಬೇಕು. ಹಲವು ಮಾದರಿಗಳಲ್ಲಿ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡ್ ಚಕ್ಕಿನ ಪಕ್ಕದಲ್ಲೇ ಇರುತ್ತದೆ. ಸಿಡಿದ ನೀರು ಅದರೊಳಗೆ ಹೋದರೆ ಬೋರ್ಡ್ ಸುಡುತ್ತದೆ.

ಬ್ರಷ್ಷಿನಿಂದ ಹಚ್ಚುವಾಗ ಮಿಲ್ಲಿಂಗ್ ಕಟ್ಟರಿನ ಹಲ್ಲು ಕೆಲಸದೊಳಗೆ ಹೊಕ್ಕುವ ಕಡೆಗೆ ಕೈ ಒಯ್ಯಬೇಡಿ, ಹೊರಬರುವ ಕಡೆಯಿಂದ ಹಚ್ಚಿ. ಕೂದಲು ಸಿಕ್ಕಿಕೊಂಡರೆ ಬ್ರಷ್ಷಿನ ಹಿಂದೆ ಬೆರಳೂ ಹೋಗುತ್ತದೆ.

ಯಾವ ಲೋಹಕ್ಕೆ ಯಾವುದು?

ಎಂಎಸ್, ಇಎನ್8 (ಮಧ್ಯಮ ಕಾರ್ಬನ್ ಉಕ್ಕು): ಮಾಮೂಲಿ ಕಡೆತ ಒಣದು. ಥ್ರೆಡ್ಡಿಗೂ ಪಾರ್ಟಿಂಗಿಗೂ ನೀಟ್ ಆಯಿಲ್. ಫ್ಲಡ್ ಇದ್ದರೆ ಶೇ 5ರ ಸಾಲ್ಯುಬಲ್.

ಸ್ಟೇನ್‌ಲೆಸ್ 304: ಇಲ್ಲಿ ಎಣ್ಣೆಯಷ್ಟೇ ಕೈಯ ಹದವೂ ಮುಖ್ಯ. ಟೂಲು ಕತ್ತರಿಸದೆ ಬರೀ ಉಜ್ಜಿದರೆ ಸಾಕು, ಮೇಲ್ಮೈ ಗಡಸಾಗಿ ಮುಂದಿನ ಸುತ್ತಿನಲ್ಲಿ ತುದಿ ಮುರಿಯುತ್ತದೆ. ಎಚ್‌ಎಸ್‌ಎಸ್‌ಗೆ ನಿಮಿಷಕ್ಕೆ 10ರಿಂದ 12 ಮೀಟರ್, ಅಂದರೆ 10 ಮಿ.ಮೀ. ಡ್ರಿಲ್ಲಿಗೆ 320ರಿಂದ 380 ಆರ್‌ಪಿಎಂ. ಒತ್ತಡ ಸಡಿಲಿಸದೆ ಒತ್ತಿ, ಡ್ರಿಲ್ ತೆಗೆದರೆ ಪೂರ್ತಿ ತೆಗೆದು ಎಣ್ಣೆ ಹಾಕಿ ಮತ್ತೆ ಒಮ್ಮೆಲೇ ಕಚ್ಚಿಸಿ. ಗಂಧಕಯುಕ್ತ ನೀಟ್ ಆಯಿಲ್ ಇದಕ್ಕೆ ಅತ್ಯುತ್ತಮ.

ಬೀಡು, ಅಂದರೆ ಕಾಸ್ಟ್ ಐರನ್: ಒಣದಾಗಿಯೇ. ಅದರೊಳಗಿನ ಗ್ರಾಫೈಟೇ ಜಾರಿಸುತ್ತದೆ. ಎಣ್ಣೆಯೋ ನೀರೋ ಬಿದ್ದರೆ ಆ ಕರಿಪುಡಿ ಅರೆಯುವ ಪೇಸ್ಟ್ ಆಗಿ ಲೇಥಿನ ಬೆಡ್ಡನ್ನು ತಿನ್ನುತ್ತದೆ. ಶುರು ಮಾಡುವ ಮುಂಚೆ ಬೆಡ್ಡಿನ ಎಣ್ಣೆಯನ್ನೂ ಒರೆಸಿ, ಮುಗಿದ ಮೇಲೆ ವ್ಯಾಕ್ಯೂಮ್ ಮಾಡಿ ಮತ್ತೆ ಎಣ್ಣೆ ಹಚ್ಚಿ. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ.

ಹಿತ್ತಾಳೆ ಒಣದು. ಪಂಪ್‌ಸೆಟ್ಟಿನ ಗನ್‌ಮೆಟಲ್ ಬುಶ್ ಕೂಡ ಒಣದಾಗಿ ಚೆನ್ನಾಗಿ ಬರುತ್ತದೆ. ಹಿತ್ತಾಳೆಯಲ್ಲಿ ಡ್ರಿಲ್ ಕಚ್ಚಿಕೊಂಡು ಎಳೆಯುವುದಕ್ಕೆ ಎಣ್ಣೆಯ ಕೊರತೆ ಕಾರಣವಲ್ಲ. ಡ್ರಿಲ್ಲಿನ ಕತ್ತರಿಸುವ ಅಂಚನ್ನು ಸಾಣೆಕಲ್ಲಿನಿಂದ ಸ್ವಲ್ಪ ಚಪ್ಪಟೆ ಮಾಡಿದರೆ ನಿಲ್ಲುತ್ತದೆ. ತಾಮ್ರ ಅಂಟುವ ಲೋಹ, ತೆಳು ಎಣ್ಣೆ ಬೇಕು. ಆದರೆ ಗಂಧಕಯುಕ್ತ ಎಣ್ಣೆ ತಾಮ್ರ, ಹಿತ್ತಾಳೆಗಳನ್ನು ಕಪ್ಪಾಗಿಸುತ್ತದೆ, ಅವುಗಳ ಹತ್ತಿರ ಸುಳಿಯಬಾರದು.

ಅಲ್ಯುಮಿನಿಯಂ ಟೂಲಿನ ತುದಿಗೆ ಬೆಸೆದುಕೊಳ್ಳುತ್ತದೆ. ಸೀಮೆಎಣ್ಣೆಗೆ ಹತ್ತರಲ್ಲಿ ಒಂದು ಪಾಲು ತೆಳು ಯಂತ್ರದೆಣ್ಣೆ ಬೆರೆಸಿ ಹಚ್ಚಿ, ಇಲ್ಲವೆ ಡಬ್ಲ್ಯುಡಿ-40 ಸಿಂಪಡಿಸಿ. ಪೆಟ್ರೋಲ್, ತಿನ್ನರ್ ಮಾತ್ರ ಬೇಡವೇ ಬೇಡ. ಸೀಮೆಎಣ್ಣೆಯೂ ನಮ್ಮ ಬೇಸಿಗೆಯ ಶೆಡ್ಡಿನಲ್ಲಿ ಹೊತ್ತಿಕೊಳ್ಳುವ ಹದಕ್ಕೆ ಹತ್ತಿರ ಬಂದಿರುತ್ತದೆ. ಪಕ್ಕದಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ನಡೆಯಬಾರದು.

ತೀರ ಹಗುರವಾದ, ಯಾವುದೆಂದು ಗೊತ್ತಿಲ್ಲದ ಎರಕದ ತುಂಡು ಸಿಕ್ಕರೆ ಅದು ಮೆಗ್ನೀಸಿಯಂ ಇರಬಹುದು. ಅದಕ್ಕೆ ನೀರು ತಾಕಿಸಬೇಡಿ. ಒಣದಾಗಿ ದಪ್ಪ ಚಿಪ್ಸ್ ಬರುವಂತೆ ಕಡೆಯಿರಿ, ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇರಲಿ. ಹೊತ್ತಿಕೊಂಡರೆ ನೀರು ಉರಿಯನ್ನು ಹೆಚ್ಚಿಸುತ್ತದೆ.

ನೈಲಾನ್ ನೀರು ಹೀರಿ ಉಬ್ಬುತ್ತದೆ, ಒಣದಾಗಿ ಕಡೆಯಿರಿ. ಅಕ್ರಿಲಿಕ್‌ಗೆ ಸ್ಪಿರಿಟ್, ತಿನ್ನರ್ ತಾಗಿದರೆ ಸೀಳು ಬಿಡುತ್ತದೆ.

ಬಿದ್ರಿ ಪಾತ್ರೆಯ ಎರಕವನ್ನು ಲೇಥಿನಲ್ಲಿ ನಯ ಮಾಡುವಾಗ ಏನು ಹಚ್ಚಬೇಕು?

ಬಿದ್ರಿ ಲೋಹದಲ್ಲಿ ಬಹುಪಾಲು ಸತುವು, ಸ್ವಲ್ಪ ತಾಮ್ರ. ಸುಲಭವಾಗಿ ಕತ್ತರಿಸುತ್ತದೆ, ಆದರೆ ಬಿಸಿಯಾದರೆ ಟೂಲಿನ ತುದಿಗೆ ಮೆತ್ತಿಕೊಂಡು ಗೀರು ಬೀಳಿಸುತ್ತದೆ. ಚೂಪಾದ ಟೂಲು, ತೆಳುವಾದ ಕಟ್ ಇದ್ದರೆ ಒಣದೇ ಸಾಕು. ಮೆತ್ತಿಕೊಂಡರೆ ಬ್ರಷ್ಷಿನಿಂದ ಸೀಮೆಎಣ್ಣೆ ಸವರಿ. ಸಾಲ್ಯುಬಲ್ ಕೂಲಂಟ್ ಬೇಡ. ಕ್ಷಾರ ಗುಣದ ನೀರು ಸತುವಿನ ಮೇಲೆ ಒಣಗಿದರೆ ಬಿಳಿ ಕಲೆ ಕೂರುತ್ತದೆ. ಗಂಧಕಯುಕ್ತ ಎಣ್ಣೆಯೂ ಬೇಡ.

ಮುಖ್ಯವಾದ ಮಾತು ಆಮೇಲಿನದು. ಕೆತ್ತನೆಗೆ ಮುಂಚೆ ಮೈಲುತುತ್ತದ ನೀರು ಸವರಿ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಕೊನೆಯಲ್ಲಿ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಶಾಶ್ವತ ಕಪ್ಪು ತರುತ್ತಾರೆ. ಎಣ್ಣೆಯ ಪಸೆ ಎಲ್ಲಿ ಉಳಿದಿದೆಯೋ ಅಲ್ಲಿ ಕಪ್ಪು ಹಿಡಿಯದೆ ತೇಪೆ ತೇಪೆಯಾಗುತ್ತದೆ. ಸಾಬೂನು ನೀರಿನಲ್ಲಿ ತೊಳೆದು, ಮೇಲೆ ನೀರು ಸುರಿದಾಗ ಹನಿಗಟ್ಟದೆ ಒಂದೇ ಹಾಳೆಯಂತೆ ಹರಿಯುವವರೆಗೂ ಉಜ್ಜಿ. ಹನಿಗಟ್ಟಿದರೆ ಪಸೆ ಇನ್ನೂ ಇದೆ.

ಬೋರಿನ ನೀರಿಗೆ ಸಾಲ್ಯುಬಲ್ ಆಯಿಲ್ ಬೆರೆಸಿದರೆ ಮೊಸರಿನಂತೆ ಒಡೆಯುತ್ತದೆ. ಎಣ್ಣೆಯೇ ಕಳಪೆಯೆ?

ಹೆಚ್ಚಿನ ಸಲ ಎಣ್ಣೆಯ ತಪ್ಪಿರುವುದಿಲ್ಲ, ನೀರಿನದು. ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಸೇಡಂ, ಚಿತ್ತಾಪುರ ತಾಲ್ಲೂಕುಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಆ ಕಲ್ಲಿನ ಮೇಲೆಯೇ. ಅಂಥ ನೆಲದಿಂದ ಬರುವ ನೀರು ಕ್ಯಾಲ್ಸಿಯಂ ಹೊತ್ತು ತರುತ್ತದೆ. ಎಣ್ಣೆಯ ಹನಿಗಳನ್ನು ನೀರಿನಲ್ಲಿ ತೇಲಿಸಿ ಹಿಡಿದಿರುವ ಸಾಬೂನಿನಂಥ ಪದಾರ್ಥಕ್ಕೆ ಕ್ಯಾಲ್ಸಿಯಂ ಅಂಟಿದರೆ ಅದು ಕರಗದ ಗಸಿಯಾಗುತ್ತದೆ. ಬಟ್ಟೆ ಒಗೆಯುವಾಗ ನೊರೆ ಬರದೆ ಬಿಳಿ ಜಿಡ್ಡು ತೇಲುತ್ತದಲ್ಲ, ಅದೇ ಇದು. ಹಿಡಿತ ತಪ್ಪಿದ ಎಣ್ಣೆ ಮೇಲೆ ಬರುತ್ತದೆ, ಕೆಳಗೆ ಬರೀ ನೀರು ಉಳಿಯುತ್ತದೆ. ಪಂಪು ಎತ್ತುವುದು ಆ ನೀರನ್ನೇ, ಆದ್ದರಿಂದ ಮರುದಿನವೇ ಚಕ್ಕಿನ ಮೇಲೆ ತುಕ್ಕು.

ಕೂಲಂಟಿಗೆ 80ರಿಂದ 200 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಗಡಸುತನದ ನೀರು ಒಳ್ಳೆಯದು. 400 ದಾಟಿದರೆ ಸಾಮಾನ್ಯ ಸಾಲ್ಯುಬಲ್ ಆಯಿಲ್ ಬಹಳ ದಿನ ತಾಳುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ 200 ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಅಂದರೆ ಕುಡಿಯಲು ನಡೆಯುವ ನೀರೂ ಕೂಲಂಟಿಗೆ ನಡೆಯದೆ ಹೋಗಬಹುದು.

ಪರೀಕ್ಷೆ ಸುಲಭ. ಗಡಸುತನ ತೋರಿಸುವ ಕಾಗದದ ಪಟ್ಟಿ ಸಿಗುತ್ತದೆ. ಟಿಡಿಎಸ್ ಮೀಟರ್ ಎಲ್ಲ ಲವಣಗಳನ್ನೂ ಸೇರಿಸಿ ತೋರಿಸುವುದರಿಂದ ಅದು ಗಡಸುತನದ ಅಳತೆಯಲ್ಲ. ಆದರೂ ಟಿಡಿಎಸ್ 150ರ ಒಳಗಿದ್ದರೆ ಗಡಸುತನದ ಭಯ ಬೇಡ. ಏನೂ ಇಲ್ಲದಿದ್ದರೆ ಗಾಜಿನ ಬಾಟಲಿಯಲ್ಲಿ 190 ಮಿ.ಲೀ. ನೀರು ಹಾಕಿ, 10 ಮಿ.ಲೀ. ಎಣ್ಣೆ ಸುರಿದು, ಅಲುಗಾಡಿಸಿ ಒಂದು ದಿನ ಇಡಿ. ಮೇಲೆ ಕೂದಲೆಳೆಯಷ್ಟು ಕೆನೆ ಬಂದರೆ ಚಿಂತೆಯಿಲ್ಲ. ಎಣ್ಣೆಯ ಪದರವೋ ಮೊಸರಿನ ಗಂಟೋ ಕಂಡರೆ ಆ ನೀರು ಬೇಡ.

ಪರಿಹಾರ ಊರಲ್ಲೇ ಇದೆ. ನಾಣ್ಯ ಹಾಕಿ 20 ಲೀಟರ್ ತರುವ ಶುದ್ಧ ನೀರಿನ ಘಟಕದ ಫಿಲ್ಟರ್ ನೀರು ಸಾಕು. ಬೋರಿನ ನೀರು 600 ಪಿಪಿಎಂ, ಫಿಲ್ಟರ್ ನೀರು 20 ಪಿಪಿಎಂ ಇದ್ದರೆ, ಒಂದು ಪಾಲು ಬೋರಿಗೆ ಮೂರು ಪಾಲು ಫಿಲ್ಟರ್ ಬೆರೆಸಿದರೆ ಸುಮಾರು 165 ಬರುತ್ತದೆ. ಬರೀ ಫಿಲ್ಟರ್ ನೀರನ್ನೇ ಹಾಕಿದರೆ ಕೆಲವು ಎಣ್ಣೆಗಳು, ಅದರಲ್ಲೂ ಸೆಮಿ-ಸಿಂಥೆಟಿಕ್, ಪಂಪಿನ ರಭಸಕ್ಕೆ ನೊರೆ ಉಕ್ಕಿಸುತ್ತವೆ. ಅದಕ್ಕಾಗಿ ಈ ಬೆರಕೆ. ಮಳೆನೀರು, ಎಸಿಯಿಂದ ತೊಟ್ಟಿಕ್ಕುವ ನೀರು ಕೂಡ ಬಟ್ಟೆಯಲ್ಲಿ ಸೋಸಿದರೆ ಚೆನ್ನ. ಕುದಿಸಿದರೆ ಗಡಸುತನದ ಒಂದು ಭಾಗ ಮಾತ್ರ ಹೋಗುತ್ತದೆ. ಉಪ್ಪು ಹಾಕಿ ನಡೆಸುವ ಮನೆಯ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ; ಕ್ಲೋರೈಡ್ ಹಾಗೆಯೇ ಉಳಿಯುವುದರಿಂದ ತುಕ್ಕಿನ ಕಾಟ ತಪ್ಪದು.

ಬೆರೆಸುವ ಕ್ರಮ ಮತ್ತು ಪ್ರಮಾಣ ಹೇಳಿ.

ಮೊದಲು ನೀರು, ಆಮೇಲೆ ಎಣ್ಣೆ. ತೆಳು ಧಾರೆಯಾಗಿ ಸುರಿಯುತ್ತ ಕೋಲಿನಿಂದ ತಿರುವುತ್ತಲೇ ಇರಬೇಕು. ಎಣ್ಣೆಯ ಮೇಲೆ ನೀರು ಸುರಿದರೆ ಗಟ್ಟಿ ಬೆಣ್ಣೆಯಂಥ ಮುದ್ದೆಯಾಗುತ್ತದೆ, ಅದು ಮತ್ತೆ ಬಿಡಿಸಿಕೊಳ್ಳದು. ಬೇರೆ ಬಕೆಟ್ಟಿನಲ್ಲಿ ಬೆರೆಸಿ ತೊಟ್ಟಿಗೆ ಹಾಕಿ, ತೊಟ್ಟಿಯಲ್ಲೇ ಬೆರೆಸಬೇಡಿ.

10 ಲೀಟರ್ ಮಿಶ್ರಣಕ್ಕೆ: ಕಡೆತ, ಮಿಲ್ಲಿಂಗ್, ಪವರ್ ಹ್ಯಾಕ್ಸಾಕ್ಕೆ 500 ಮಿ.ಲೀ. ಎಣ್ಣೆ; ಟ್ಯಾಪಿಂಗ್, ರೀಮಿಂಗಿಗೆ 800 ಮಿ.ಲೀ.ನಿಂದ 1 ಲೀಟರ್. ಗ್ರೈಂಡಿಂಗಿಗೆ 200ರಿಂದ 300 ಮಿ.ಲೀ. ಡಬ್ಬಿಯ ಮೇಲೆ ತಯಾರಕರು ಬೇರೆ ಪ್ರಮಾಣ ಬರೆದಿದ್ದರೆ ಅದನ್ನೇ ಹಿಡಿಯಿರಿ. ಉಳಿಸಲೆಂದು ಶೇ 3ಕ್ಕಿಂತ ತೆಳು ಮಾಡಿ ಲೇಥಿಗೆ ಹಾಕಿದರೆ ತುಕ್ಕು, ದುರ್ವಾಸನೆ ಎರಡೂ ಬೇಗ ಬರುತ್ತವೆ. ಶೇ 10 ದಾಟಿದರೆ ಜಿಗುಟು, ಹೊಗೆ, ಕೈ ತುರಿಕೆ.

ಪ್ರಮಾಣ ಸರಿಯಿದೆಯೇ ಎಂದು ಆಮೇಲೆ ನೋಡುವುದು ಹೇಗೆ?

ಬಣ್ಣ ನೋಡಿ ಹೇಳಲಾಗದು. ಕಬ್ಬಿನ ಹಾಲಿನ ಸಕ್ಕರೆ ಅಳೆಯುವ ಬ್ರಿಕ್ಸ್ ರಿಫ್ರಾಕ್ಟೋಮೀಟರ್ ಇದಕ್ಕೂ ಆಗುತ್ತದೆ. 0ಯಿಂದ 18 ಅಥವಾ 0ಯಿಂದ 32ರ ಅಳತೆಯದು ಕೊಳ್ಳಿ. ಜೇನಿಗೆಂದು ಮಾರುವುದು 58ರಿಂದ ಶುರುವಾಗುತ್ತದೆ, ಅದು ಉಪಯೋಗವಿಲ್ಲ. ಮಿಶ್ರಣಕ್ಕೆ ಬಳಸಿದ ನೀರಿನಿಂದಲೇ ಸೊನ್ನೆಗೆ ಹೊಂದಿಸಿ, ಕೂಲಂಟಿನ ಒಂದು ಹನಿ ಹಾಕಿ ಓದಿ, ಎಣ್ಣೆಯ ಮಾಹಿತಿ ಪತ್ರದಲ್ಲಿರುವ ಗುಣಕದಿಂದ ಗುಣಿಸಿ. ಸಾಲ್ಯುಬಲ್ ಆಯಿಲಿಗೆ ಗುಣಕ ಸುಮಾರು 1, ಸಿಂಥೆಟಿಕ್‌ಗೆ 2 ಅಥವಾ ಹೆಚ್ಚು.

ಒಂದು ಲೆಕ್ಕ. 10 ಲೀಟರಿನ ತೊಟ್ಟಿಯಲ್ಲಿ 6 ಲೀಟರ್ ಉಳಿದಿದೆ, ಓದು ಶೇ 8. ಅಂದರೆ ಒಳಗೆ 480 ಮಿ.ಲೀ. ಎಣ್ಣೆ ಇದೆ. 4 ಲೀಟರ್ ಬರೀ ನೀರು ಹಾಕಿದರೆ ಶೇ 4.8, ಸರಿಯಾಯಿತು. ಇಲ್ಲಿ ಮತ್ತೆ ಶೇ 5ರ ಮಿಶ್ರಣ ಸುರಿದಿದ್ದರೆ ಶೇ 6.8 ಆಗುತ್ತಿತ್ತು.

ಪಿಎಚ್ ಪಟ್ಟಿಯನ್ನೂ ಇಟ್ಟುಕೊಳ್ಳಿ. 8.5ರಿಂದ 9.5ರ ನಡುವೆ ಇರಬೇಕು. ಅದಕ್ಕಿಂತ ಇಳಿದರೆ ಸೂಕ್ಷ್ಮಾಣುಗಳು ಬೆಳೆಯುತ್ತಿವೆ. ಏರಿದರೆ ಕೈಗೂ ಅಲ್ಯುಮಿನಿಯಂಗೂ ತೊಂದರೆ.

ಬೇಸಿಗೆಯಲ್ಲಿ ಕೂಲಂಟ್ ಬೇಗ ಹಾಳಾಗುವುದೇಕೆ?

ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದರೆ ತಗಡಿನ ಶೆಡ್ಡಿನೊಳಗೆ ಅದಕ್ಕಿಂತ ಹೆಚ್ಚು. ಆವಿಯಾಗುವುದು ನೀರು ಮಾತ್ರ. ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. 10 ಲೀಟರ್ ತೊಟ್ಟಿಗೆ 400 ಪಿಪಿಎಂ ನೀರಿನಿಂದ ಶುರು ಮಾಡಿ, ಆವಿಯಾದಷ್ಟಕ್ಕೆ ಅದೇ ನೀರನ್ನು ಹಾಕುತ್ತ ಒಟ್ಟು 10 ಲೀಟರ್ ತುಂಬಿಸಿದಿರಿ ಎನ್ನೋಣ. ಆಗ ಒಳಗಿನ ಗಡಸುತನ 800ರ ಹತ್ತಿರ. ಮೊದಲ ವಾರ ಚೆನ್ನಾಗಿದ್ದದ್ದು ಮೂರನೆಯ ವಾರ ಒಡೆಯುವುದರ ಗುಟ್ಟು ಇದೇ. ಆದ್ದರಿಂದ ಮೊದಲ ಸಲ ಬೆರಕೆ ನೀರು, ಆಮೇಲೆ ತುಂಬಿಸಲು ಯಾವಾಗಲೂ ಬರೀ ಫಿಲ್ಟರ್ ನೀರು. ಚಿಪ್ಸಿನ ಜೊತೆ ಹೊರಹೋಗುವ ಎಣ್ಣೆಗಾಗಿ ಅದಕ್ಕೆ ಆಗಾಗ ಶೇ 1ರಿಂದ 2 ಎಣ್ಣೆ ಸೇರಿಸಿದರೆ ಸಾಕು. ತೊಟ್ಟಿಗೆ ಮುಚ್ಚಳ ಇರಲಿ.

ಬೆರೆಸದ ಎಣ್ಣೆಯ ಡಬ್ಬಿಯನ್ನು ಶೆಡ್ಡಿನಲ್ಲಿಡದೆ ಮನೆಯೊಳಗೆ, 40 ಡಿಗ್ರಿ ದಾಟದ ಜಾಗದಲ್ಲಿಡಿ. ಮುಚ್ಚಳ ಸಡಿಲವಿದ್ದು ನೀರಿನಂಶ ಸೇರಿದರೆ ಡಬ್ಬಿಯೊಳಗೇ ಕೆಟ್ಟಿರುತ್ತದೆ.

ಬಿಸಿಯ ಇನ್ನೊಂದು ಪರಿಣಾಮ ಅಳತೆಯ ಮೇಲೆ. 50 ಮಿ.ಮೀ. ಉಕ್ಕಿನ ತುಂಡು 30 ಡಿಗ್ರಿ ಹೆಚ್ಚು ಬಿಸಿಯಿದ್ದರೆ 0.018 ಮಿ.ಮೀ. ದೊಡ್ಡದು, ಅಲ್ಯುಮಿನಿಯಂ ಆದರೆ 0.035. ಬೇರಿಂಗ್ ಕೂರಿಸುವ ಅಳತೆಯನ್ನು ತಣ್ಣಗಾದ ಮೇಲೆಯೇ ನೋಡಿ.

ವಾರದ ಮೇಲೆ ಯಂತ್ರ ಶುರು ಮಾಡಿದರೆ ಕೊಳೆತ ಮೊಟ್ಟೆಯ ವಾಸನೆ. ಫಿನೈಲ್ ಹಾಕಬಹುದೆ?

ಬೇಡ. ಬೆಡ್ಡಿನ ಎಣ್ಣೆ ತೊಳೆದು ಬಂದು ಕೂಲಂಟಿನ ಮೇಲೆ ಪದರ ಕಟ್ಟುತ್ತದೆ. ಯಂತ್ರ ನಿಂತಿದ್ದಾಗ ಆ ಪದರದ ಕೆಳಗೆ ಗಾಳಿ ಹೋಗದೆ, ಗಾಳಿ ಬೇಡದ ಸೂಕ್ಷ್ಮಾಣುಗಳು ಬೆಳೆದು ಆ ವಾಸನೆಯ ಅನಿಲ ಬಿಡುತ್ತವೆ. ಫಿನೈಲ್ ವಾಸನೆ ಮುಚ್ಚುತ್ತದಷ್ಟೇ. ಬ್ಲೀಚಿಂಗ್ ಪುಡಿ ಇನ್ನೂ ಕೆಟ್ಟದು: ಅದರಲ್ಲಿ ಕ್ಯಾಲ್ಸಿಯಂ ಇದೆ, ಎಣ್ಣೆ-ನೀರಿನ ಮಿಶ್ರಣ ಒಡೆಯುತ್ತದೆ; ಕ್ಲೋರಿನ್ ಇದೆ, ತುಕ್ಕು ತರುತ್ತದೆ; ಕೂಲಂಟಿನಲ್ಲಿರುವ ಅಮೈನ್ ಎಂಬ ರಾಸಾಯನಿಕದ ಜೊತೆ ಸೇರಿ ಕಣ್ಣು ಗಂಟಲು ಉರಿಸುವ ಅನಿಲವನ್ನೂ ಕೊಡುತ್ತದೆ.

ವಾಸನೆ ಈಗಷ್ಟೇ ಶುರುವಾಗಿದ್ದರೆ ಮೇಲಿನ ಎಣ್ಣೆಯನ್ನು ಬಟ್ಟೆ ಅಥವಾ ಸೌಟಿನಿಂದ ತೆಗೆದು, ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪನ್ನು ಬಿಟ್ಟು, ಪ್ರಮಾಣವನ್ನು ಶೇ 6ಕ್ಕೆ ಏರಿಸಿ. ಯಂತ್ರ ನಿಂತ ದಿನಗಳಲ್ಲೂ ದಿನಕ್ಕೆ ಒಂದು ತಾಸು ಗಾಳಿ ಬಿಡುತ್ತಿದ್ದರೆ ವಾಸನೆ ಬರುವುದೇ ಕಡಿಮೆ. ಬಣ್ಣ ಬೂದಿಯಾಗಿ, ಪಿಎಚ್ 8ಕ್ಕಿಂತ ಇಳಿದಿದ್ದರೆ ಚೆಲ್ಲುವುದೇ ಸರಿ. ಆಗ ತೊಟ್ಟಿಯ ಮೂಲೆಯ ಕೆಸರು, ಚಿಪ್ಸು, ಪೈಪಿನೊಳಗಿನ ಲೋಳೆ ಎಲ್ಲವನ್ನೂ ಉಜ್ಜಿ ತೆಗೆಯಬೇಕು. ಒಂದು ಹಿಡಿ ಹಳೆ ಕೆಸರು ಉಳಿದರೂ ಹೊಸ ಕೂಲಂಟ್ ಕೆಲವೇ ದಿನಗಳಲ್ಲಿ ನಾರುತ್ತದೆ.

ಕೂಲರಿನ ಪಂಪು ಕೂಲಂಟಿಗೆ ಬಳಸಬಹುದೆ?

ಬೇಸಿಗೆ ಮುಗಿದ ಮೇಲೆ ಪ್ರತಿ ಮನೆಯಲ್ಲೂ ಒಂದು ಬಿದ್ದಿರುತ್ತದೆ, ಆದ್ದರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಸುಮಾರು 18 ವ್ಯಾಟಿನ ಆ ಮುಳುಗು ಪಂಪು ಸಾಲ್ಯುಬಲ್ ಮಿಶ್ರಣವನ್ನು ಎತ್ತುತ್ತದೆ. ಸಣ್ಣ ಲೇಥಿಗೆ ನಿಮಿಷಕ್ಕೆ 2ರಿಂದ 4 ಲೀಟರ್ ಸಾಕು, ಕಾಲು ಇಂಚಿನ ಬಾಲ್ ವಾಲ್ವಿನಿಂದ ತಗ್ಗಿಸಿ. ನೀಟ್ ಆಯಿಲಿಗೆ ಮಾತ್ರ ಬೇಡ, ದಪ್ಪಗಿರುವುದರಿಂದ ಪಂಪು ಎತ್ತಲಾರದೆ ಸುಡುತ್ತದೆ.

ಅಪಾಯ ಇರುವುದು 230 ವೋಲ್ಟಿನಲ್ಲಿ. ಎಣ್ಣೆ ದಿನ ಕಳೆದಂತೆ ವೈರಿನ ಹೊದಿಕೆಯನ್ನೂ ಸೀಲನ್ನೂ ಕೆಡಿಸುತ್ತದೆ; ಚಿಪ್ಸು ವೈರನ್ನು ಕೊಯ್ಯುತ್ತದೆ. ಕಬ್ಬಿಣದ ಯಂತ್ರ, ಒದ್ದೆ ಕೈ, ಸೋರುವ ಕರೆಂಟು ಒಟ್ಟಾದರೆ ಜೀವ ಹೋಗುತ್ತದೆ. ಕರೆಂಟು ಸೋರಿದ ಕೂಡಲೇ ತಾನಾಗಿ ಕಡಿದುಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಇದನ್ನು ಹಾಕಲೇಬೇಡಿ. 12 ವೋಲ್ಟಿನ ಡಿಸಿ ಪಂಪು ಸಿಕ್ಕರೆ ಅದೇ ವಾಸಿ. ತೊಟ್ಟಿಯ ನಡುವೆ ತಡೆ ಹಾಕಿ, ಮೊದಲ ಭಾಗದಲ್ಲಿ ಚಿಪ್ಸು ಕೂರುವಂತೆ ಮಾಡಿ, ಎರಡನೆಯ ಭಾಗದಲ್ಲಿ ತಳದಿಂದ 3-4 ಸೆಂ.ಮೀ. ಮೇಲೆ ಪಂಪು ಇಡಿ.

ಒಮ್ಮೆ ಕೂಲಂಟಿಗೆ ಹಾಕಿದ ಪಂಪನ್ನು ಮತ್ತೆ ಮನೆಯ ಕೂಲರಿಗೆ ಹಾಕಬೇಡಿ. ಉಳಿದ ಎಣ್ಣೆ, ಸೂಕ್ಷ್ಮಾಣುಗಳು ಮಲಗುವ ಕೋಣೆಯ ಗಾಳಿಗೆ ಬರುತ್ತವೆ.

ಕಾರ್ಬೈಡ್ ಟಿಪ್ ಒಡೆದುಹೋಗುತ್ತಿದೆ. ಕೂಲಂಟ್ ಕಾರಣವೆ?

ಇರಬಹುದು. ಬಿಸಿ ಕಾರ್ಬೈಡಿನ ಮೇಲೆ ಆಗೊಮ್ಮೆ ಈಗೊಮ್ಮೆ ಚಿಮುಕಿಸಿದರೆ ಬಿರುಕು ಬಿಡುತ್ತದೆ. ಧಾರೆ ಶುರುವಿನಿಂದ ಕೊನೆಯವರೆಗೂ ನಿಲ್ಲದೆ ಇರಬೇಕು, ಇಲ್ಲವೇ ಪೂರ್ತಿ ಒಣದಿರಬೇಕು. ಕಾರ್ಬೈಡ್ ಕಟ್ಟರಿನಿಂದ ಉಕ್ಕು ಮಿಲ್ಲಿಂಗ್ ಮಾಡುವಾಗ ಒಣದೇ ಮೇಲು. ಬ್ರೇಜ್ ಮಾಡಿದ (ಕಾರ್ಬೈಡ್ ಟಿಪ್ ಬೆಸೆದ) ಟೂಲನ್ನು ಸಾಣೆ ಹಿಡಿದು ಬಿಸಿಯಿದ್ದಾಗ ನೀರಿಗೆ ಅದ್ದಬೇಡಿ.

ಟ್ಯಾಪ್ ಪದೇ ಪದೇ ಮುರಿಯುತ್ತದೆ.

ಎಣ್ಣೆಗಿಂತ ಮೊದಲು ರಂಧ್ರ ನೋಡಿ. ಎಂ6ಕ್ಕೆ 5 ಮಿ.ಮೀ., ಎಂ8ಕ್ಕೆ 6.8, ಎಂ10ಕ್ಕೆ 8.5. ಸ್ಟೇನ್‌ಲೆಸ್ಸಿನಲ್ಲಿ ಎಂ6ಕ್ಕೆ 5.2 ಕೊರೆದರೆ ಥ್ರೆಡ್ಡಿನ ಬಲ ಹೆಚ್ಚೇನೂ ತಗ್ಗದು, ಟ್ಯಾಪ್ ಉಳಿಯುತ್ತದೆ. ನೀಟ್ ಆಯಿಲನ್ನು ಟ್ಯಾಪಿಗೂ ರಂಧ್ರಕ್ಕೂ ಹಚ್ಚಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ತೆಳು ಸಾಲ್ಯುಬಲ್ ನೀರು ಈ ಕೆಲಸಕ್ಕೆ ಬಾರದು.

ಕುಸುಬೆ ಎಣ್ಣೆ, ಕೊಬ್ಬರಿ ಎಣ್ಣೆ, ಹಳೆ ಎಂಜಿನ್ ಆಯಿಲ್ ನಡೆಯುತ್ತದೆಯೆ?

ಸಸ್ಯದೆಣ್ಣೆಗಳಿಗೆ ಜಾರುವ ಗುಣ ಚೆನ್ನಾಗಿದೆ, ಒಂದೆರಡು ರಂಧ್ರಕ್ಕೆ ಯಾವುದಾದರೂ ಆದೀತು. ಆದರೆ ನಮ್ಮ ಭಾಗದ ಕುಸುಬೆ, ಅಗಸೆ ಎಣ್ಣೆಗಳು ಗಾಳಿಗೆ ಒಣಗಿ ಅಂಟಾಗುವ ಜಾತಿಯವು. ಅಗಸೆಯನ್ನು ಬಣ್ಣ, ವಾರ್ನಿಷ್‌ಗೆ ಬಳಸುವುದೇ ಆ ಗುಣಕ್ಕಾಗಿ. ಸ್ಲೈಡಿನಲ್ಲಿ ಉಳಿದರೆ ಒಂದು ತಿಂಗಳಲ್ಲಿ ಮೆತ್ತಿ ಬಿಗಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಗುಡ್ಡೆ ಹಾಕಿದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಕೊಬ್ಬರಿ ಎಣ್ಣೆ ಅಷ್ಟು ಅಂಟಾಗದು, ಅಲ್ಯುಮಿನಿಯಂ ಮತ್ತು ತಾಮ್ರದ ಟ್ಯಾಪಿಂಗಿಗೆ ಒಳ್ಳೆಯದು. ಚಳಿಗಾಲದ ಬೆಳಗ್ಗೆ ಗಟ್ಟಿಯಾಗಿರುತ್ತದೆ ಅಷ್ಟೆ. ಕೆಲಸ ಮುಗಿದ ಮೇಲೆ ಒರೆಸಿ.

ಹಳೆ ಎಂಜಿನ್ ಆಯಿಲ್ ಬೇಡ. ಅದರಲ್ಲಿ ಸೇರಿಕೊಂಡ ಸುಟ್ಟ ಪದಾರ್ಥಗಳು ಚರ್ಮದ ಕ್ಯಾನ್ಸರಿಗೆ ಕಾರಣವಾಗುತ್ತವೆ, ಟೂಲಿನ ಬಿಸಿಗೆ ಹೊಗೆಯಾಗಿ ಒಳಗೂ ಹೋಗುತ್ತವೆ. ಹೊಸ ಎಂಜಿನ್ ಆಯಿಲ್ ಅಷ್ಟು ಅಪಾಯವಲ್ಲ, ಆದರೆ ಕಟಿಂಗಿಗಾಗಿ ಮಾಡಿದ್ದಲ್ಲ.

ಸಾಲ್ಯುಬಲ್ ಬಳಸಿದ ಮೇಲೆ ತುಕ್ಕು ಬರದಂತೆ ಏನು ಮಾಡಬೇಕು?

ಟೇಲ್‌ಸ್ಟಾಕ್ ಸರಿಸಿ ಅದರ ಅಡಿ, ಚಕ್ಕಿನ ದವಡೆ, ವೈಸಿನ ಕೆಳಗೆ ಒರೆಸಿ. ತುಕ್ಕು ಶುರುವಾಗುವುದು ನೀರು ಸಿಕ್ಕಿಕೊಂಡ ಇಂಥ ಸಂದುಗಳಲ್ಲೇ. ಆಮೇಲೆ ಐಎಸ್‌ಒ ವಿಜಿ 68 (ಎಣ್ಣೆಯ ದಪ್ಪದ ದರ್ಜೆ) ಸ್ಲೈಡ್‌ವೇ ಆಯಿಲ್ ಹಚ್ಚಿ ಸ್ಯಾಡಲನ್ನು ಎರಡು ಸಲ ಪೂರ್ತಿ ಓಡಿಸಿ. ಮಳೆಗಾಲದಲ್ಲಿ ಇದನ್ನು ಒಂದು ದಿನವೂ ತಪ್ಪಿಸಬೇಡಿ.

ಕೈ, ಉಸಿರಾಟದ ಬಗ್ಗೆ?

ಡ್ರಿಲ್, ಲೇಥ್ ತಿರುಗುತ್ತಿರುವಾಗ ಕೈಗವಸು ಬೇಡ, ಸುತ್ತಿಕೊಂಡು ಕೈಯನ್ನೇ ಎಳೆಯುತ್ತದೆ. ಬೆರೆಸುವಾಗ, ತೊಟ್ಟಿ ತೊಳೆಯುವಾಗ ನೈಟ್ರೈಲ್ ಗ್ಲೌಸ್ ಹಾಕಿ. ಕೈಯನ್ನು ಸಾಬೂನಿನಿಂದ ತೊಳೆಯಿರಿ, ಸೀಮೆಎಣ್ಣೆಯಿಂದಲ್ಲ. ಎಣ್ಣೆ ಬಟ್ಟೆಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡರೆ ತೊಡೆಯ ಮೇಲೆ ಗುಳ್ಳೆ ಏಳುತ್ತವೆ.

ಗಾಳಿಯಿಂದ ಮಂಜಾಗಿಸುವ ಮಿಸ್ಟ್ ವ್ಯವಸ್ಥೆಯನ್ನು ಮುಚ್ಚಿದ ಕೋಣೆಯಲ್ಲಿ ಹಾಕಬೇಡಿ. ಅಮೆರಿಕದ ಎನ್‌ಐಒಎಸ್‌ಎಚ್ ಎಂಬ ಕಾರ್ಮಿಕರ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ ಒಂದು ಘನ ಮೀಟರ್ ಗಾಳಿಗೆ 0.5 ಮಿಲಿಗ್ರಾಂ ಮಾತ್ರ. ಸಣ್ಣ ಶೆಡ್ಡಿನಲ್ಲಿ ಅದನ್ನು ದಾಟುವುದು ಸುಲಭ. ಕ್ಲೋರಿನ್‌ಯುಕ್ತ ಕಟಿಂಗ್ ಆಯಿಲ್ ಹಚ್ಚಿದ ತುಂಡನ್ನು ತೊಳೆಯದೆ ವೆಲ್ಡ್ ಮಾಡಬಾರದು, ವಿಷಕಾರಿ ಹೊಗೆ ಏಳುತ್ತದೆ.

ಎಲ್ಲಿ ಸಿಗುತ್ತದೆ?

ಸರ್ವೋಕಟ್ ಎಸ್, ಕೂಲ್‌ಕಟ್ 40 ಇಂಥ ಸಾಲ್ಯುಬಲ್ ಎಣ್ಣೆಗಳನ್ನು ಲೂಬ್ರಿಕಂಟ್ ಡೀಲರುಗಳ ಬಳಿ ಕೇಳಿ. ಸಾಲ್ಯುಬಲ್ ಎಣ್ಣೆಗೆ ಐಎಸ್ 1115, ನೀಟ್ ಎಣ್ಣೆಗೆ ಐಎಸ್ 3065 ಮಾನಕ. ದೊಡ್ಡ ಡಬ್ಬಿ ಮಾತ್ರ ಇದ್ದರೆ ಕಪನೂರು, ಕೊಳಾರ, ಕಡೇಚೂರು ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನವರನ್ನು ಎರಡು ಲೀಟರ್ ಕೇಳಿ ನೋಡಬಹುದು. ಒಣಗಿದ ಸ್ವಚ್ಛ ಕ್ಯಾನ್ ಒಯ್ಯಿರಿ, ಎಣ್ಣೆಯ ಹೆಸರು, ತಂದ ದಿನ ಬರೆದಿಡಿ, ಒಂದು ವರ್ಷದೊಳಗೆ ಮುಗಿಸಿ. ಬೀದರ್ ಕಡೆಯವರಿಗೆ ಹೈದರಾಬಾದಿನ ರಾಣಿಗಂಜ್ ಮಾರುಕಟ್ಟೆಯೂ ದೂರವಲ್ಲ.

ಹಳೆಯದನ್ನು ಎಲ್ಲಿ ಚೆಲ್ಲಬೇಕು?

ಚರಂಡಿಗೂ ಬೇಡ, ಹಿತ್ತಲಿನ ಮಣ್ಣಿಗೂ ಬೇಡ. ಮನೆಯ ಬೋರಿಗೆ ಇಳಿಯುವುದು ಅದೇ ನೆಲದ ನೀರು. 10-15 ಲೀಟರಿನಷ್ಟಾದರೆ ಅಗಲ ತಗಡಿನ ತಟ್ಟೆಯಲ್ಲಿ ಬಿಸಿಲಿಗಿಟ್ಟು ಮೇಲೆ ಜಾಲರಿ ಮುಚ್ಚಿ, ಹಕ್ಕಿ, ನಾಯಿ ಬಾಯಿ ಹಾಕದಂತೆ. ಬೇಸಿಗೆಯಲ್ಲಿ ಕೆಲವೇ ದಿನದಲ್ಲಿ ನೀರು ಹೋಗಿ ತಳದಲ್ಲಿ ಎಣ್ಣೆ ಉಳಿಯುತ್ತದೆ. ಅದನ್ನು ಸುಡಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಅನುಮತಿ ಪಡೆದ ಸಂಗ್ರಾಹಕರಿಗೆ ಹಳೆ ಎಣ್ಣೆ ಕೊಡುವ ಗ್ಯಾರೇಜಿನ ಮೂಲಕ ಕಳಿಸಿ. ನೀರು ಬೆರೆತದ್ದಾದ್ದರಿಂದ ಎಂಜಿನ್ ಆಯಿಲಿನ ಡ್ರಮ್ಮಿಗೆ ಸುರಿಯುವ ಮುಂಚೆ ಅವರನ್ನು ಕೇಳಿ. ಚಿಪ್ಸನ್ನು ಗುಜರಿಗೆ ಹಾಕುವ ಮುನ್ನ ಜರಡಿಯಲ್ಲಿ ಒಂದು ರಾತ್ರಿ ಸೋರಲು ಬಿಟ್ಟರೆ ಒಂದಿಷ್ಟು ಕೂಲಂಟ್ ವಾಪಸ್ಸು ತೊಟ್ಟಿಗೇ ಬರುತ್ತದೆ.